ಹಾಡು ನಿಲ್ಲಿಸಿ ಅರ್ಥ ಹೇಳಿದ ಸುತಾರರು

‘ಕನ್ನಡದಲ್ಲಿ ಸೂಫಿ ಗಾಯಕರು ಅಂತ ಯಾರಿದ್ದಾರೆ?’ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಈ ಅಂಕಣಕ್ಕೆ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆ ಕಡೆಯವರು. ನುಸ್ರತ್ ಫತೇ ಅಲಿ ಖಾನರನ್ನೂ ಆಬಿದಾ ಪರ್ವೀನರನ್ನೂ ಫೋನಿನಲ್ಲಿ ತುಂಬಿಕೊಂಡವರು, ಎ.ಆರ್. ರೆಹಮಾನರ ಸಿನಿಮಾ ಕವ್ವಾಲಿಗಳ ಮೂಲಕ ಈ ದಾರಿಗೆ ಬಂದವರು, ವಾರಾಂತ್ಯದ ‘ಸೂಫಿ ನೈಟ್’ಗಳಿಗೆ ಟಿಕೆಟ್ ಕೊಂಡು ಹೋಗುವವರು. ಪ್ರಶ್ನೆಯೊಳಗೆ ಒಂದು ಸಣ್ಣ ಕೊರಗೂ ಇರುತ್ತದೆ, ಪಂಜಾಬು ಸಿಂಧ್‌ಗಳಿಗೆ ಇರುವಂಥದ್ದು ನಮಗೇಕಿಲ್ಲ ಎಂದು. ಶಿಶುನಾಳ ಷರೀಫರ ಹೆಸರು ಹೇಳಿದರೆ ಅವರು ಸಂತಕವಿ, ಅವರ ದನಿ ಕೇಳಿದವರು ಈಗ ಯಾರೂ ಇಲ್ಲ ಎನ್ನುತ್ತಾರೆ. ಸಿ. ಅಶ್ವಥ್ ಹೆಸರು ಹೇಳಿದರೆ ಅವರು ಸುಗಮ ಸಂಗೀತದವರಲ್ಲವೇ ಎಂದು ಮರುಪ್ರಶ್ನೆ. ಎರಡೂ ಆಕ್ಷೇಪ ಸರಿಯೇ. ನನ್ನ ಉತ್ತರ ಮೂರನೆಯ ಹೆಸರು: ಮಹಾಲಿಂಗಪುರದ ಇಬ್ರಾಹಿಂ ಸುತಾರ. ಈ ಹೆಸರು ಹೇಳಿದಾಗ ದಕ್ಷಿಣ ಬೆಂಗಳೂರಿನ ಓದುಗರು ‘ಅವರು ಪ್ರವಚನಕಾರರಲ್ಲವೇ, ಪದ್ಮಶ್ರೀ ಬಂದಿತ್ತಲ್ಲ, ಭಾವೈಕ್ಯದವರು’ ಎಂದು ತಟ್ಟನೆ ಒಂದು ಖಾನೆಗೆ ಹಾಕಿಬಿಡುತ್ತಾರೆ. ಆ ಖಾನೆಯಿಂದ ಅವರನ್ನು ಹೊರಗೆ ತಂದು ಗಾಯಕರೆಂದು, ಅದರಲ್ಲೂ ಸೂಫಿ ಗಾಯಕರೆಂದು ನೋಡಬೇಕು ಎಂಬುದು ಇಲ್ಲಿ ನನ್ನ ವಾದ.

ಅವರ ಬದುಕಿನ ಹೊರರೇಖೆ ಸರಳ. 1940ರ ಮೇ 10ರಂದು ಮಹಾಲಿಂಗಪುರದಲ್ಲಿ ಹುಟ್ಟಿದರು. 1997ರಿಂದ ಅದು ಬಾಗಲಕೋಟೆ ಜಿಲ್ಲೆ. ಬೆಲ್ಲದ ಪೇಟೆಗೂ ಮಗ್ಗಗಳಿಗೂ ಹೆಸರಾದ ಊರು. ಬಡ ಕುಟುಂಬ, ಶಾಲೆ ಮೂರನೆಯ ತರಗತಿಗೇ ಮುಗಿಯಿತು. ಮಸೀದಿಯಲ್ಲಿ ನಮಾಜು, ಕುರಾನು ಕಲಿತ ಹುಡುಗ ಊರಿನ ಭಜನಾ ಮೇಳದಲ್ಲೂ ಕೂತ. ಅಲ್ಲಿ ವಚನ, ತತ್ವಪದ, ಗೀತೆ, ಉಪನಿಷತ್ತಿನ ಮಾತುಗಳು ಒಂದೊಂದಾಗಿ ಕಿವಿಗೆ ಬಿದ್ದವು. 1970ರಲ್ಲಿ ‘ಭಾವೈಕ್ಯ ಜಾನಪದ ಸಂಗೀತ ಮೇಳ’ ಕಟ್ಟಿದರು. ಆಮೇಲಿನ ಐವತ್ತು ವರ್ಷ ಜಾತ್ರೆ, ಉರುಸು, ಮಠದ ಅಂಗಳ, ಶಾಲೆಯ ಬಯಲು ಎಂದು ಊರೂರು ತಿರುಗಿದ್ದೇ ಅವರ ವೃತ್ತಿಜೀವನ. ಜನ ಅವರನ್ನು ‘ಕನ್ನಡದ ಕಬೀರ’ ಎಂದು ಕರೆದರು. ರಾಜ್ಯೋತ್ಸವ ಪ್ರಶಸ್ತಿ ಬಂತು. 2018ರಲ್ಲಿ ಪದ್ಮಶ್ರೀ ಬಂತು, ಸೂಲಗಿತ್ತಿ ನರಸಮ್ಮ, ಸೀತವ್ವ ಜೋಡಟ್ಟಿ ಅವರಿಗೆ ಬಂದ ವರ್ಷವೇ. 2022ರ ಫೆಬ್ರುವರಿ 5ರಂದು ಮಹಾಲಿಂಗಪುರದಲ್ಲೇ ತೀರಿಕೊಂಡರು. ಪತ್ರಿಕೆಗಳ ಶ್ರದ್ಧಾಂಜಲಿಗಳು ಸಾಮರಸ್ಯದ ಹರಿಕಾರನನ್ನು ನೆನೆದವು. ಹಾಡಿದ್ದು ಏನನ್ನು, ಹೇಗೆ ಎಂಬುದರ ಬಗ್ಗೆ ಹೆಚ್ಚಿನವು ಒಂದೆರಡು ಸಾಲಿಗೆ ಮುಗಿಸಿದವು.

ಹೇಗೆ ಎಂಬುದರಲ್ಲೇ ಎಲ್ಲವೂ ಇದೆ. ಹಾರ್ಮೋನಿಯಂ, ತಬಲಾ, ತಾಳ ಹಿಡಿದ ಸಣ್ಣ ಮೇಳ. ನಡುವೆ ಬಿಳಿ ರುಮಾಲು ಸುತ್ತಿದ ಸುತಾರರು. ಒಂದು ಪದ ಎತ್ತಿಕೊಳ್ಳುತ್ತಾರೆ, ಹಿಮ್ಮೇಳ ಪಲ್ಲವಿ ಹಿಡಿಯುತ್ತದೆ. ಎರಡನೆಯ ನುಡಿ ಮುಗಿಯುವ ಹೊತ್ತಿಗೆ ಮೇಳದವರಲ್ಲೇ ಒಬ್ಬ ತಡೆಯುತ್ತಾನೆ. ‘ಅಲ್ರೀ ಗುರುಗಳೇ’ ಎಂಬ ಧಾಟಿಯಲ್ಲಿ ಸಂಶಯ ತೆಗೆಯುತ್ತಾನೆ. ದೇವರು ಎಲ್ಲೆಲ್ಲೂ ಇದ್ದಾನೆ ಅಂದಮೇಲೆ ಗುಡಿ ಯಾಕೆ, ಮಸೂತಿ ಯಾಕೆ ಎಂಬ ಬಗೆಯ ಪ್ರಶ್ನೆಗಳು, ಮುಂದೆ ಕೂತ ರೈತನೋ ನೇಕಾರನೋ ಮನಸ್ಸಿನಲ್ಲಿ ಇಟ್ಟುಕೊಂಡು ಬಾಯಿಬಿಟ್ಟು ಕೇಳದಂಥವು. ಸುತಾರರು ಉತ್ತರ ಕೊಡುತ್ತಾರೆ, ಆ ಉತ್ತರಕ್ಕೆ ಇನ್ನೊಂದು ಪಾಟೀ ಸವಾಲು ಬೀಳುತ್ತದೆ, ಸಭೆ ನಗುತ್ತದೆ. ಬಸವಣ್ಣನ ಒಂದು ಮಾತು, ಕುರಾನಿನ ಒಂದು ಪ್ರಸಂಗ, ಷರೀಫರ ಒಂದು ನುಡಿ ಒಂದರ ಬೆನ್ನಿಗೆ ಒಂದು ಬರುತ್ತವೆ. ವಾದ ಒಂದು ಹದಕ್ಕೆ ಬಂದಾಗ ಹಾರ್ಮೋನಿಯಂ ಮತ್ತೆ ಏಳುತ್ತದೆ, ನಿಂತ ಪದ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಇದನ್ನು ಸಂವಾದ ಎಂದು ಕರೆದರು. ಮೂರು ನಿಮಿಷದ ತುಣುಕಿನಲ್ಲಿ ನೋಡಿದರೆ ಇದು ಮಾತಿನ ಕಾರ್ಯಕ್ರಮದಂತೆ ಕಾಣುತ್ತದೆ. ಎರಡು ತಾಸು ಕೂತವರಿಗೆ ಮಾತು ಎಲ್ಲಿ ನಿಂತಿತು, ಹಾಡು ಎಲ್ಲಿ ಶುರುವಾಯಿತು ಎಂಬ ಗೆರೆ ಅಳಿಸಿಹೋಗಿರುತ್ತದೆ.

ಈ ಬಗೆ ಸುತಾರರು ಶೂನ್ಯದಿಂದ ಹುಟ್ಟಿಸಿದ್ದಲ್ಲ. ಆ ಸೀಮೆಯ ನೆಲವೇ ಸವಾಲು-ಜವಾಬಿನ ನೆಲ. ಗೀಗೀ ಪದದಲ್ಲಿ ಹರದೇಶಿಯವರೂ ನಾಗೇಶಿಯವರೂ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯಿಡೀ ಹಾಡಿನಲ್ಲೇ ಜಗಳ ಆಡುತ್ತಾರೆ. ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತ ಪಾತ್ರಗಳನ್ನು ನಿಲ್ಲಿಸಿ ಪ್ರಶ್ನೆ ಹಾಕುತ್ತಾನೆ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹಾಡುವ ರಿವಾಯತ್ ಪದಗಳಲ್ಲಿ ಕರ್ಬಲಾದ ಕತೆ ಕನ್ನಡದಲ್ಲಿ ಬರುತ್ತದೆ, ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ ಆದಿಲ್‌ಶಾಹಿ ಕಾಲದ ವಿಜಾಪುರದ ಸೂಫಿಗಳು. ಶಾಹ್ ಮೀರಾಂಜಿ, ಬುರ್ಹಾನುದ್ದೀನ್ ಜಾನಮ್, ಅಮೀನುದ್ದೀನ್ ಆಲಾ ಇವರ ಪರಂಪರೆಯಲ್ಲಿ ದಖನಿ ಭಾಷೆಯ ‘ಚಕ್ಕಿನಾಮಾ’, ‘ಚರ್ಖಾನಾಮಾ’ಗಳು ಹುಟ್ಟಿದವು. ಬೀಸುವ ಹೆಂಗಸರು, ನೂಲುವ ಹೆಂಗಸರು ಕೆಲಸ ಮಾಡುತ್ತಾ ಹಾಡಲೆಂದು ಮಾಡಿದ ಪದಗಳವು. ಬೀಸುಕಲ್ಲಿನ ಹಿಡಿಗೂಟ ಅಲಿಫ್ ಅಕ್ಷರದಂತೆ ನೆಟ್ಟಗಿದೆ, ಅದು ಅಲ್ಲಾಹನ ಗುರುತು ಎಂಬ ಜಾಡಿನಲ್ಲಿ ಕಲ್ಲಿನ ಒಂದೊಂದು ಭಾಗಕ್ಕೂ ಒಂದೊಂದು ಪಾಠ ಕಟ್ಟುತ್ತಾ ಹೋಗುತ್ತವೆ. ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ವಿಜಾಪುರದ ಸೂಫಿಗಳ ಕುರಿತ ಪುಸ್ತಕದಲ್ಲಿ, ಈ ಸೀಮೆಯ ಹಳ್ಳಿಗಳಿಗೆ ಸೂಫಿ ವಿಚಾರ ಇಳಿದದ್ದು ಪಂಡಿತರ ಗ್ರಂಥಗಳಿಗಿಂತ ಹೆಚ್ಚಾಗಿ ಇಂಥ ಪದಗಳ ಮೂಲಕ ಎಂದು ತೋರಿಸಿದ್ದಾರೆ. ಅಂದರೆ ನಮ್ಮ ಕಡೆ ಸೂಫಿ ಹಾಡು ಮೊದಲಿನಿಂದಲೂ ಅರ್ಥ ಬಿಡಿಸುವ ಹಾಡು. ಕೇಳುಗರನ್ನು ಮೈಮರೆಸುವುದು ಅದಕ್ಕೆ ಎರಡನೆಯ ಕೆಲಸ.

ಅರ್ಥ ಬಿಡಿಸುವವರು ಏಕೆ ಬೇಕು ಎಂಬುದಕ್ಕೆ ಷರೀಫರ ಮಾಳಿಗೆ ಸೋರುವ ಪದವೇ ಸಾಕ್ಷಿ. ಬೆಂಗಳೂರಿನಲ್ಲಿ ಆ ಪದ ಗೊತ್ತಿಲ್ಲದವರಿಲ್ಲ. ಆದರೆ ಮಾಳಿಗೆ ಮನೆ ನೋಡಿದವರು ಎಷ್ಟು ಜನ? ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಸೀಳು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಂಗಗೊಡದ ಸವಳು ಮಣ್ಣಿನ ಹೊದಿಕೆ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮಳೆಗಾಲಕ್ಕೆ ಮೊದಲು ಮನೆಯ ಯಜಮಾನ ಹತ್ತಿ ನೋಡಿ, ಹೊಸ ಮಣ್ಣು ಹಾಕಿ, ಬಡಿದು ಗಟ್ಟಿ ಮಾಡಬೇಕು. ಒಂದು ವರ್ಷ ಸೋಮಾರಿತನ ಮಾಡಿದರೂ ಆಷಾಢದಲ್ಲಿ ಪಾತ್ರೆಗಳನ್ನಿಟ್ಟು ಕೂರಬೇಕು. ಇದು ಗೊತ್ತಿದ್ದವನಿಗೆ ಆ ಪದ ಕೇಳಿದ ಕೂಡಲೇ ತಪ್ಪು ಮಳೆಯದಲ್ಲ, ಹತ್ತಿ ನೋಡದ ತನ್ನದು ಎಂಬುದು ನಾಟುತ್ತದೆ. ಅಜ್ಞಾನ ಎಂಬುದು ಅಲ್ಲಿ ವರ್ಷವರ್ಷ ಮಾಡಬೇಕಾದ ಕೆಲಸವನ್ನು ಮಾಡದಿರುವುದು. ಆರ್‌ಸಿಸಿ ತಾರಸಿಯ ಕೆಳಗೆ ಕೂತು ಕೇಳುವವನಿಗೆ ಇಷ್ಟನ್ನು ಯಾರಾದರೂ ಹೇಳದಿದ್ದರೆ ರಾಗ ಉಳಿಯುತ್ತದೆ, ಪೆಟ್ಟು ತಪ್ಪುತ್ತದೆ. ಇನ್ನು ಕೋಳಿ ಕೋತಿಯನ್ನು ನುಂಗಿದ ಬಗೆಯ ಪದಗಳಂತೂ ಅಲ್ಲಮನ ಬೆಡಗಿನ ವಚನಗಳ, ಕಬೀರನ ಉಲಟಬಾಂಸಿಗಳ ಜಾತಿಯವು. ಮೇಲುನೋಟಕ್ಕೆ ಮಕ್ಕಳ ಹಾಡು, ಒಳಗೆ ಬೀಗ. ಕೀಲಿ ಕೈಯಲ್ಲಿಟ್ಟುಕೊಂಡ ಗುರು ಪಕ್ಕದಲ್ಲಿ ಇರುತ್ತಾನೆ ಎಂಬ ಭರವಸೆಯ ಮೇಲೆಯೇ ಅವು ರಚನೆಯಾದವು. ಸುತಾರರನ್ನು ‘ಕನ್ನಡದ ಕಬೀರ’ ಎಂದು ಕರೆದವರು ಬಹುಶಃ ಹಿಂದೂ-ಮುಸ್ಲಿಂ ನಂಟನ್ನು ಮನಸ್ಸಿನಲ್ಲಿಟ್ಟುಕೊಂಡು ಕರೆದರು. ನನಗೆ ಆ ಬಿರುದು ಒಪ್ಪಿಗೆಯಾಗುವುದು ಇಂಥ ಪದಗಳ ಬೀಗ ತೆಗೆದವರು ಎಂಬ ಇನ್ನೊಂದು ಕಾರಣಕ್ಕೆ.

ಇಲ್ಲಿ ಅಶ್ವಥ್ ಅಭಿಮಾನಿಗಳು ಎದ್ದು ನಿಲ್ಲುತ್ತಾರೆಂದು ಗೊತ್ತು. ನಿಲ್ಲಲೇಬೇಕು. ಷರೀಫರು (1819–1889) ಶಿಗ್ಗಾಂವಿ ಸೀಮೆಯ ಹಳ್ಳಿಗಳಲ್ಲಿ ಹಾಡಿಕೊಂಡಿದ್ದ ಪದಗಳು ಬೆಂಗಳೂರಿನ ಮಧ್ಯಮ ವರ್ಗದ ಮನೆಯೊಳಗೆ ಬಂದದ್ದು ಇಬ್ಬರಿಂದ. ಹಾಡುಗಳನ್ನು ಸಂಪಾದಿಸಿ, ಊರೂರಲ್ಲಿ ಉಪನ್ಯಾಸ ಕೊಟ್ಟು, ‘ಷರೀಫ್ ಭಟ್ಟ’ ಎಂದೇ ಹೆಸರಾದ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಒಬ್ಬರು. ಅವಕ್ಕೆ ಧಾಟಿ ಕೊಟ್ಟು ಗಂಟಲು ಬಿಚ್ಚಿ ಹಾಡಿದ ಅಶ್ವಥ್ ಇನ್ನೊಬ್ಬರು. ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡಿಕೊಂಡೇ ಸಂಗೀತ ಕಟ್ಟಿದ ಮನುಷ್ಯ ಅಶ್ವಥ್. ಎನ್.ಆರ್. ಕಾಲೊನಿಯಲ್ಲಿ ಅವರ ಹೆಸರಿನ ಕಲಾಭವನವೇ ಇದೆ. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಬಂತು. ಶ್ರೀಧರ್ ಷರೀಫರಾದರು, ಗಿರೀಶ ಕಾರ್ನಾಡರು ಗುರು ಗೋವಿಂದ ಭಟ್ಟರಾದರು, ಹಾಡಿನ ದನಿ ಮಾತ್ರ ಅಶ್ವಥ್‌ರದು. ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಆ ಚಿತ್ರಕ್ಕೆ ಬಂತು. ಉತ್ತರ ಕರ್ನಾಟಕದ ಉಚ್ಚಾರವನ್ನು ನಯಗೊಳಿಸದೆ, ಒರಟನ್ನು ಒರಟಾಗಿಯೇ ಬಿಟ್ಟು ಹಾಡಿದ್ದು ಅಶ್ವಥ್‌ರ ದೊಡ್ಡತನ. ಕೃತಕ ಶಹರು ಷರೀಫ ಎಂದು ಅವರನ್ನು ಹಳಿಯುವವರ ಜೊತೆ ನಾನಿಲ್ಲ. ಆದರೆ ಕ್ಯಾಸೆಟ್ಟಿನ ಒಂದು ಹಾಡಿಗೆ ಐದು ನಿಮಿಷ. ಅಷ್ಟರಲ್ಲಿ ತಡೆದು ಕೇಳುವ ಶಿಷ್ಯನಿಗೆ ಜಾಗವಿಲ್ಲ. ತತ್ವಪದದ ದನಿ ನಮಗೆ ಬಂತು, ಅದರ ತರಗತಿ ಬರಲಿಲ್ಲ. ಆ ತರಗತಿಯನ್ನು ಅದೇ ದಶಕಗಳಲ್ಲಿ ಕೃಷ್ಣೆ-ಘಟಪ್ರಭೆಯ ಸೀಮೆಯಲ್ಲಿ ನಡೆಸುತ್ತಿದ್ದವರು ಸುತಾರರು.

ಸರಿ, ಆದರೆ ಅವರನ್ನು ಸೂಫಿ ಎನ್ನಬಹುದೇ? ಇದು ಗಟ್ಟಿ ಆಕ್ಷೇಪ. ಸೂಫಿ ಎಂದರೆ ಒಂದು ಸಿಲ್ಸಿಲಾ (ಗುರುಪರಂಪರೆ), ಪೀರನ ಕೈಹಿಡಿದ ಮುರೀದ (ಶಿಷ್ಯ), ಜಿಕ್ರ್ (ನಾಮಸ್ಮರಣೆ), ಖಾನ್ಕಾ (ಸೂಫಿಗಳ ಮಠ). ಸುತಾರರ ಮಾತಿನಲ್ಲಿ ಇವುಗಳಿಗಿಂತ ಅದ್ವೈತ, ಶರಣತತ್ವ ಹೆಚ್ಚು ಕೇಳಿಸುತ್ತದೆ ಎನ್ನುವವರಿದ್ದಾರೆ. ಎರಡು ಉತ್ತರಗಳಿವೆ. ಮೊದಲನೆಯದು, ನಮ್ಮಲ್ಲಿ ಗುರುಪರಂಪರೆಗಳು ಒಂದರೊಳಗೊಂದು ಹೆಣೆದುಕೊಂಡೇ ಬೆಳೆದವು. ಷರೀಫರ ಮನೆತನಕ್ಕೆ ಹುಲಗೂರಿನ ಖಾದ್ರಿ ದರ್ಗಾದ ನಡೆ ಇತ್ತು, ಗುರು ಕಳಸದ ಗೋವಿಂದ ಭಟ್ಟರು. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಶಿಷ್ಯರಲ್ಲಿ ಚನ್ನೂರ ಜಲಾಲ ಸಾಹೇಬರು ಇದ್ದರು. ಇವರಲ್ಲಿ ಯಾರು ಎಷ್ಟು ಪಾಲು ಸೂಫಿ, ಎಷ್ಟು ಪಾಲು ಆರೂಢ ಎಂದು ತಕ್ಕಡಿ ಹಿಡಿದರೆ ಕೈಗೆ ಏನೂ ಸಿಗುವುದಿಲ್ಲ. ಎರಡನೆಯದು ಇನ್ನೂ ನೇರ. ಸೂಫಿ ಗಾಯಕನಾಗಲು ಸ್ವತಃ ಸೂಫಿಯಾಗಬೇಕೆಂಬ ನಿಯಮ ಕವ್ವಾಲಿಯಲ್ಲೂ ಇಲ್ಲ. ಕವ್ವಾಲರು ಬಹುಪಾಲು ವಂಶಪಾರಂಪರ್ಯದ ವೃತ್ತಿಗಾಯಕರು, ದರ್ಗಾಕ್ಕೆ ಸೇವೆ ಸಲ್ಲಿಸುವವರು. ನುಸ್ರತ್ ಕೂಡ ಅಂಥ ಮನೆತನದಿಂದಲೇ ಬಂದವರು. ಸೂಫಿ ವಿಚಾರವನ್ನು ಕೇಳುಗರ ಎದೆಗೆ ಮುಟ್ಟಿಸುವುದೇ ಗಾಯಕನ ಕೆಲಸವಾದರೆ ಸುತಾರರಿಗಿಂತ ಹೆಚ್ಚು ದಿನ, ಹೆಚ್ಚು ಊರುಗಳಲ್ಲಿ ಕನ್ನಡದಲ್ಲಿ ಅದನ್ನು ಮಾಡಿದ ಇನ್ನೊಂದು ಹೆಸರು ಇತ್ತೀಚಿನ ಕಾಲದಲ್ಲಿ ನನಗೆ ಕಾಣುವುದಿಲ್ಲ.

ಸಂಗೀತದ ಮಾತು ಬಂದಾಗ ಮಾತ್ರ ಪ್ರಾಮಾಣಿಕವಾಗಿರಬೇಕು. 1985ರಲ್ಲಿ ಇಂಗ್ಲೆಂಡಿನ ವೋಮ್ಯಾಡ್ ಉತ್ಸವದಲ್ಲಿ ನುಸ್ರತ್ ಹಾಡಿದಾಗ ಒಂದಕ್ಷರ ಅರ್ಥವಾಗದ ಜನ ಮೈಮರೆತು ಕೂತರು. ಆ ಸರಗಮ್, ಆ ತಾನುಗಳ ಶಕ್ತಿಗೆ ಭಾಷೆ ಅಡ್ಡಬರಲಿಲ್ಲ. ಸುತಾರರದು ಅಂಥ ತಯಾರಿಯ ಕಂಠವಲ್ಲ, ಅದು ಭಜನೆಯ ಕಂಠ. ಕನ್ನಡ ಬಾರದವನಿಗೆ ಅವರ ಮೇಳ ಹೆಚ್ಚೇನೂ ಕೊಡದು. ಮಿತಿ ಎಂದರೆ ಮಿತಿಯೇ. ಆದರೂ ಒಂದು ವಿಷಯ ಗಮನಿಸಬೇಕು. ಕವ್ವಾಲಿಯಲ್ಲಿ ‘ಗಿರಹ್’ ಎಂದು ಒಂದು ವಿದ್ಯೆ ಇದೆ. ಹಾಡುತ್ತಿರುವ ಸಾಲನ್ನು ನಡುವೆಯೇ ನಿಲ್ಲಿಸಿ, ಬೇರೆ ಕವಿಯ, ಬೇರೆ ಭಾಷೆಯ ದ್ವಿಪದಿಯನ್ನು ಗಂಟುಹಾಕಿ, ಮೊದಲ ಸಾಲಿಗೆ ಹೊಸ ಬೆಳಕು ಬೀಳುವಂತೆ ಮಾಡಿ ವಾಪಸು ಬರುವುದು. ದರ್ಗಾದ ಮಹಫಿಲ್‌ನಲ್ಲಿ ಕೂತ ಜಾಣ ಕೇಳುಗರು ಕಾಯುವುದು ಅದಕ್ಕೇ. ಸುತಾರರು ಪದವನ್ನು ನಿಲ್ಲಿಸಿ ವಚನಕ್ಕೆ ಹೋಗಿ, ಅಲ್ಲಿಂದ ಕುರಾನಿನ ಪ್ರಸಂಗಕ್ಕೆ ಹೋಗಿ ಮರಳುತ್ತಿದ್ದುದು ಅದೇ ವಿದ್ಯೆ, ಗದ್ಯದಲ್ಲಿ ಮಾಡಿದ್ದು. ವೇದಿಕೆಯ ಕವ್ವಾಲಿಯಲ್ಲಿ ಗಿರಹ್ ತೆಳುವಾಗಿ ತಾನ್ ದಪ್ಪವಾಯಿತು. ನಾವು ‘ಸೂಫಿ ಸಂಗೀತ’ ಎಂದು ಕೇಳಿ ಅಭ್ಯಾಸವಾದದ್ದು ಆ ವೇದಿಕೆಯ ರೂಪವನ್ನು. ಅದನ್ನೇ ಅಳತೆಗೋಲು ಮಾಡಿಕೊಂಡರೆ ಸುತಾರರು ಗಾಯಕರಾಗಿ ಕಾಣುವುದಾದರೂ ಹೇಗೆ?

ಉಳಿದದ್ದು ಭಾವೈಕ್ಯದ ಮಾತು. ಈ ಪದ ಸರಕಾರಿ ಆಹ್ವಾನ ಪತ್ರಿಕೆಗಳಲ್ಲಿ ಸವೆದು ಹೋಗಿದೆ. ಸುತಾರರಂಥವರನ್ನು ಎಲ್ಲ ಪಕ್ಷಗಳೂ ವೇದಿಕೆಗೆ ಕರೆಯುತ್ತವೆ, ಶಾಲು ಹೊದಿಸುತ್ತವೆ, ಮರುದಿನ ತಮ್ಮ ಕೆಲಸಕ್ಕೆ ಹೋಗುತ್ತವೆ, ಇದರಿಂದ ಏನು ಬದಲಾಯಿತು ಎಂದು ಖಾರವಾಗಿ ಕೇಳುವ ಓದುಗರಿದ್ದಾರೆ. ಗಲಭೆಗಳು ನಿಂತಿಲ್ಲ, ನಿಜ. ಒಬ್ಬ ಭಜನೆಗಾರನ ಮೇಲೆ ಅಷ್ಟು ಭಾರ ಹೊರಿಸುವುದು ಅನ್ಯಾಯ ಎಂದಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ಅವರು ಮಾಡಿದ್ದು ಎಲ್ಲ ಧರ್ಮಗಳೂ ಒಳ್ಳೆಯವು ಎಂಬ ಸಿಹಿಮಾತಿಗಿಂತ ಕಷ್ಟದ ಕೆಲಸ. ನಮಾಜು ಮಾಡುವವನೂ ಪೂಜೆ ಮಾಡುವವನೂ ಒಂದೇ ಜಮಖಾನೆಯ ಮೇಲೆ ಕೂತಿರುವಾಗ, ಅರಿವಿಲ್ಲದ ಆಚರಣೆ ಇಬ್ಬರದೂ ವ್ಯರ್ಥ ಎಂಬ ವಾದವನ್ನು ಇಬ್ಬರ ಎದುರಿಗೇ ಬಿಡಿಸುವುದು, ಅದೂ ನಗಿಸುತ್ತಾ. ಭಾವೈಕ್ಯದ ಪೋಸ್ಟರಿನಲ್ಲಿ ಈ ಚೂಪು ಕಾಣುವುದಿಲ್ಲ. ಪೋಸ್ಟರು ಅವರನ್ನು ಉಳಿಸಿತು, ಅವರ ವಾದವನ್ನು ಮೊಂಡು ಮಾಡಿತು.

ಸೂಫಿ ಗಾಯನದ ಹಳೆಯ ಶಿಷ್ಟಾಚಾರದಲ್ಲಿ ‘ಸಮಾ’ಕ್ಕೆ, ಅಂದರೆ ಹಾಡು ಕೇಳುವ ಕೂಟಕ್ಕೆ, ಮೂರು ಷರತ್ತುಗಳಿವೆ: ಜಮಾನ್, ಮಕಾನ್, ಇಖ್ವಾನ್. ತಕ್ಕ ಹೊತ್ತು, ತಕ್ಕ ಜಾಗ, ತಕ್ಕ ಜೊತೆಗಾರರು. ದಕ್ಷಿಣ ಬೆಂಗಳೂರಿನಲ್ಲಿ ಜಾಗಕ್ಕೆ ಬರವಿಲ್ಲ. ಎನ್.ಆರ್. ಕಾಲೊನಿಯ ಕಲಾಭವನ, ಜಯನಗರ ಎಂಟನೇ ಬ್ಲಾಕಿನ ಸಭಾಂಗಣಗಳು, ಬನಶಂಕರಿ ಎರಡನೇ ಹಂತದ ಸುಚಿತ್ರಾ, ಜೆ.ಪಿ. ನಗರದ ರಂಗಶಂಕರ ಎಲ್ಲವೂ ಇವೆ. ಜೊತೆಗಾರರೂ ಇದ್ದಾರೆ. ಜಯನಗರದ ಪಕ್ಕಕ್ಕೇ ತಿಲಕನಗರ, ಬಿಟಿಎಂ ಪಕ್ಕಕ್ಕೇ ಗುರಪ್ಪನಪಾಳ್ಯ. ಒಂದೇ ಸಭೆಯಲ್ಲಿ ಕೂತು ಕನ್ನಡದ ಪದ ಕೇಳಲು ಈ ಅಕ್ಕಪಕ್ಕದ ಹಿಂದೂ, ಮುಸ್ಲಿಂ ನೆರೆಯವರಿಗೆ ಸಿಗುವ ಸಂದರ್ಭಗಳು ಎಷ್ಟಿವೆ ಎಂಬುದನ್ನು ಸಂಘಟಕರೇ ಹೇಳಬೇಕು. ಕೊರತೆ ಇರುವುದು ಹೊತ್ತಿಗೆ. ಒಂಬತ್ತು ಗಾಯಕರಿಗೆ ತಲಾ ಎರಡು ಹಾಡು ಹಂಚುವ ಕಾರ್ಯಕ್ರಮದಲ್ಲಿ ಸಂವಾದ ನಡೆಯುವುದಿಲ್ಲ. ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಕೇಂದ್ರ ತತ್ವಪದಗಳನ್ನು ಹುಡುಕಿ ತಂದು ಹತ್ತಾರು ಸಂಪುಟಗಳಲ್ಲಿ ಅಚ್ಚು ಹಾಕಿಸಿದೆ, ಪಠ್ಯದ ಕೊರತೆಯೂ ಇಲ್ಲ. ಉತ್ತರ ಕರ್ನಾಟಕದಲ್ಲಿ ಏಕತಾರಿ, ದಮ್ಮಡಿ ಹಿಡಿದು ಹಾಡುವ ಮೇಳಗಳು ಇನ್ನೂ ಇವೆ. ಈ ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಗೊತ್ತುಮಾಡುವ ಬಡಾವಣೆಯ ಸಂಘಗಳವರು ಒಂದು ಸಂಜೆಯನ್ನು ಅಂಥ ಒಂದೇ ಒಂದು ಮೇಳಕ್ಕೆ ಪೂರ್ತಿ ಬಿಟ್ಟುಕೊಡಲಿ, ಮೂರು ತಾಸು, ನಡುವೆ ಸನ್ಮಾನ, ಭಾಷಣ ಇಲ್ಲದೆ. ಪ್ರಶ್ನೆ ಕೇಳಲು ಸಭಿಕರಿಗೂ ಒಂದು ಮೈಕು ಇಡಲಿ. ಅಲ್ಲಿಯವರೆಗೆ, ಈ ಅಂಕಣಕ್ಕೆ ಪತ್ರ ಬರೆಯುವವರಲ್ಲಿ ಒಂದು ಕೋರಿಕೆ: ಸುತಾರರ ಸಂವಾದಗಳು ಯೂಟ್ಯೂಬಿನಲ್ಲಿ ಸಿಗುತ್ತವೆ, ತುಣುಕು ಬಿಟ್ಟು ಒಂದನ್ನಾದರೂ ಪೂರ್ತಿ ಕೇಳಿ, ಆಮೇಲೆ ಬರೆಯಿರಿ.